ಸರ್ಕಾರದ ಕಾಗದವನ್ನು ಸರ್ಕಾರಕ್ಕೇ ಯಾಕೆ ಕೊಡಬೇಕು?

(ಶಿರಸಿಯಲ್ಲಿ ಸಹಕಾರಿ ಸಂಘವೊಂದರ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣದಲ್ಲಿ ‘ಆಡಳಿತ ಸುಧಾರಣೆ: ಸವಾಲು ಮತ್ತು ಸಾಧ್ಯತೆ’ ಎಂದು ಹಾಕಿದ್ದಾರೆ. ಅಷ್ಟು ದೊಡ್ಡದನ್ನು ನಾನು ಮಾತಾಡುವುದಿಲ್ಲ. ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ, ಘಟ್ಟದ ಮೇಲೂ ಕೆಳಗೂ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಊರಿನವರಿಗೆ ಅರ್ಜಿ ಬರೆದುಕೊಡುತ್ತೇನೆ. ಮೇಜಿನ ಆಚೆಗೂ ಈಚೆಗೂ ಕೂತವನಿಗೆ ಕಂಡ ಒಂದು ವಿಷಯವಿದೆ. ಅದನ್ನಷ್ಟೇ ಹೇಳುತ್ತೇನೆ.

ನಿಯಮ ಜಾಸ್ತಿ ಆಯಿತು ಎಂದು ನಾವೆಲ್ಲ ಬೈಯುತ್ತೇವೆ. ಆದರೆ ಕಚೇರಿಯಿಂದ ಕೆಲಸ ಆಗದೆ ವಾಪಸ್ ಬಂದವರನ್ನು ಕೇಳಿ ನೋಡಿ. ‘ನಿನಗೆ ಇದು ಸಿಗುವುದಿಲ್ಲ, ನಿಯಮ ಒಪ್ಪುವುದಿಲ್ಲ’ ಎಂದು ಹೇಳಿಸಿಕೊಂಡು ಬಂದವರು ಕಡಿಮೆ. ‘ಇನ್ನೊಂದು ಕಾಗದ ತರಬೇಕಂತೆ’ ಎಂದು ಬಂದವರೇ ಹೆಚ್ಚು. ಆ ಇನ್ನೊಂದು ಕಾಗದ ಎಲ್ಲಿರುತ್ತದೆ? ಬಹಳ ಸಲ ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ. ಒಂದು ಕೋಣೆಯಲ್ಲಿ ಶುಲ್ಕ ಕಟ್ಟಿ ಕಾಗದ ಪಡೆದು, ಇನ್ನೊಂದು ಕೋಣೆಗೆ ಅದನ್ನು ಕೊಟ್ಟು ಬರುವ ಅಂಚೆಯವನ ಕೆಲಸ ನಮ್ಮದಾಗಿದೆ. ಅಂಚೆಯವನಿಗಾದರೂ ಸಂಬಳ ಇದೆ.

ನಮ್ಮ ಜಿಲ್ಲೆಯಲ್ಲಂತೂ ಈ ಓಡಾಟ ಸಣ್ಣದಲ್ಲ. 10 ಸಾವಿರ ಚದರ ಕಿಲೋಮೀಟರ್ ದಾಟಿದ ಜಿಲ್ಲೆ ಇದು. ಜಿಲ್ಲಾ ಕಚೇರಿ ಇರುವುದು ಒಂದು ಮೂಲೆಯಲ್ಲಿ, ಕಾರವಾರದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ, ಬಂದರಿನ ಅನುಕೂಲ ನೋಡಿ ಬೆಳೆಸಿದ ಊರು ಅದು. ಮುಂಡಗೋಡಿನ ರೈತ ಒಂದು ಸಹಿಗಾಗಿ ಘಟ್ಟ ಇಳಿದು ಬರುತ್ತಾನೆಂದು ಆಗ ಯಾರೂ ಲೆಕ್ಕ ಹಾಕಿರಲಿಲ್ಲ. ಇಲ್ಲಿಂದ ಕಾರವಾರಕ್ಕೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ದೇವಿಮನೆ ಘಟ್ಟ ಬಂದ್ ಆದರೆ ಸುತ್ತು ಹಾಕಬೇಕು. ಸಾಹೇಬರು ಆ ದಿನ ಮೀಟಿಂಗಿಗೆ ಹೋಗಿದ್ದರೆ? ಮುಗಿಯಿತು, ಮತ್ತೆ ಬನ್ನಿ.

ಒಂದು ಸಾಮಾನ್ಯ ಕೆಲಸವನ್ನೇ ತೆಗೆದುಕೊಳ್ಳೋಣ. ವಾರಸಾ. ತಂದೆ ತೀರಿಕೊಂಡಿದ್ದಾರೆ, ತೋಟದ ಪಹಣಿ ಅವರ ಹೆಸರಿನಲ್ಲಿದೆ, ಅದು ಹೆಂಡತಿ ಮಕ್ಕಳ ಹೆಸರಿಗೆ ಬರಬೇಕು. ಹಳೇ ಮೈಸೂರು ಕಡೆ ಪೌತಿ ಖಾತೆ ಎನ್ನುವುದು ಇದನ್ನೇ. ಇಲ್ಲಿ ಮಾರಾಟ ಇಲ್ಲ, ಖರೀದಿ ಇಲ್ಲ, ದುಡ್ಡಿನ ವ್ಯವಹಾರ ಇಲ್ಲ. ಆದರೂ ಕಾಗದದ ಕಟ್ಟು ನೋಡಿ. ಮರಣ ಪ್ರಮಾಣಪತ್ರ ಬೇಕು. ಅದು ಸರ್ಕಾರವೇ ನೋಂದಾಯಿಸಿ ಕೊಟ್ಟದ್ದು. ಪಹಣಿ ಬೇಕು. ಅದು ತಹಶೀಲ್ದಾರರ ಕಚೇರಿಯದ್ದೇ ದಾಖಲೆ. ಹಿರಿಯರು ಈಗಲೂ ಮಾಮಲೇದಾರ ಕಚೇರಿ ಎನ್ನುತ್ತಾರಲ್ಲ, ಅದೇ. ಅರ್ಜಿ ಕೊಡುವುದೂ ಅವರಿಗೇ, ಪಹಣಿ ಲಗತ್ತಿಸುವುದೂ ಅವರಿಗೇ. ವಂಶವೃಕ್ಷ ಬೇಕು. ಅದನ್ನು ಕೊಡುವುದು ನಾಡಕಚೇರಿ, ಅಂದರೆ ಅದೇ ತಹಶೀಲ್ದಾರರ ಕೈಕೆಳಗಿನ ಕಚೇರಿ. ಜೊತೆಗೆ ಆಧಾರ್, ರೇಷನ್ ಕಾರ್ಡ್, ಮೇಲೊಂದು ಬಾಂಡ್ ಪೇಪರಿನ ಅಫಿಡವಿಟ್, ನೋಟರಿ ಸಹಿ.

ಈ ಪಟ್ಟಿಯಲ್ಲಿ ಸರ್ಕಾರಕ್ಕೆ ಗೊತ್ತಿಲ್ಲದ್ದು ಯಾವುದು? ಒಂದೇ ಒಂದು. ಮನೆಯವರೆಲ್ಲ ಒಪ್ಪಿದ್ದಾರೋ ಇಲ್ಲವೋ ಎನ್ನುವುದು. ಉಳಿದದ್ದೆಲ್ಲ ಅವರ ಹತ್ತಿರವೇ ಇದೆ. ಕೇಳಬೇಕಾದದ್ದು ಅದೊಂದನ್ನೇ. ಕೇಳುವುದು ಮಾತ್ರ ಎಲ್ಲವನ್ನೂ.

ಇನ್ನು ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಳ ಕಥೆ ಬೇರೆ. ಅವಿಭಕ್ತ ಕುಟುಂಬ, ‘ಆಮೇಲೆ ಮಾಡಿದರಾಯಿತು’ ಎಂದು ಬಿಟ್ಟದ್ದು. ಅಜ್ಜ ಹೋಗಿದ್ದು 1962ರಲ್ಲಿ ಎನ್ನಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಆ ಕಾಯ್ದೆಯ ಪ್ರಕಾರ, ಸತ್ತು ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಅಂದರೆ ಕೋರ್ಟು, ವಕೀಲರು, ಸಾಕ್ಷಿ. ಬದುಕಿದ್ದರೆ ನೂರಿಪ್ಪತ್ತು ವರ್ಷ ಆಗಬೇಕಿದ್ದ ಮನುಷ್ಯ ಸತ್ತಿದ್ದಾನೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು! 2023ರ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಕೋರ್ಟಿನಿಂದ ತೆಗೆದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಮಟ್ಟಕ್ಕೆ ತಂದರು. ಒಳ್ಳೆಯದಾಯಿತು. ನಮಗಾದರೆ ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿ ಶಿರಸಿಯಲ್ಲೇ ಇದೆ. ಆದರೆ ಇಷ್ಟು ಹಳೇ ಸಾವಿಗೆ ಊರಿನ ನಾಲ್ಕು ಹಿರಿಯರ ಹೇಳಿಕೆ ಮತ್ತು ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ ಸಾಕಾಗಬೇಕು ಎಂಬುದು ನನ್ನ ಅಭಿಪ್ರಾಯ.

ವಾರಸಾ ಆಗದಿದ್ದರೆ ಏನಾಗುತ್ತದೆ? ಸಾಲದ ಕೌಂಟರಿನಲ್ಲಿ ಕೂತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳೆಸಾಲಕ್ಕೆ ತೊಡಕು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ತೊಡಕು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ತೊಡಕು. ಪಹಣಿ, ಬೆಳೆ ಸಮೀಕ್ಷೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕೂ ಒಂದೇ ಮಾತು ಹೇಳಬೇಕು. ನಮ್ಮಲ್ಲಿ ಹೆಸರುಗಳು ಹಾಗೆ ಹೇಳುವುದಿಲ್ಲವಲ್ಲ! ಪಹಣಿಯಲ್ಲಿ ಗಣಪ, ಆಧಾರಿನಲ್ಲಿ ಗಣಪತಿ, ಸೊಸೈಟಿ ಪುಸ್ತಕದಲ್ಲಿ ಗಣಪಯ್ಯ. ಅಪ್ಪನ ಹೆಸರು ಒಂದು ಕಡೆ ಇದೆ, ಒಂದು ಕಡೆ ಇಲ್ಲ, ಇನ್ನೊಂದು ಕಡೆ ಬರೀ ಇನಿಷಿಯಲ್. ನಗಬೇಡಿ, ನಿಮ್ಮ ಪಹಣಿ ತೆಗೆದು ನೋಡಿ. ಮೂವರೂ ಒಬ್ಬನೇ ಎಂದು ಇಡೀ ಊರಿಗೆ ಗೊತ್ತು. ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ.

ಕಂಪ್ಯೂಟರಿನ ಮಾತು ಬಂದಿದ್ದಕ್ಕೆ ಭೂಮಿ ಯೋಜನೆಯನ್ನು ನೆನಪಿಸಿಕೊಳ್ಳಬೇಕು. 2000ದ ಆಸುಪಾಸಿನಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುವ ಹಾಗಾಯಿತು. ಕೈಬರಹದ ಪಹಣಿ ನಿಂತಿತು. ಅದಕ್ಕೆ ಮುಂಚೆ ಪಹಣಿ ಇರುತ್ತಿದ್ದುದು ಶಾನುಭೋಗರ ಗಂಟಿನಲ್ಲಿ. ಅವರು ಮದುವೆಗೆ ಹೋಗಿದ್ದರೆ ಪಹಣಿಯೂ ಮದುವೆಗೆ ಹೋಗಿರುತ್ತಿತ್ತು. ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ, ಅದು ನಿಜವಾಗಿಯೂ ದೊಡ್ಡ ಬದಲಾವಣೆ. ಒಬ್ಬ ವ್ಯಕ್ತಿಯ ಮರ್ಜಿ ತಪ್ಪಿತು.

ಆದರೆ ಕೈಬರಹದಲ್ಲಿದ್ದ ತಪ್ಪುಗಳೂ ಹಾಗೇ ಕಂಪ್ಯೂಟರಿಗೆ ಹೋದವು. ಟೈಪ್ ಮಾಡುವಾಗ ಹೊಸದೂ ಒಂದಷ್ಟು ಸೇರಿದವು. ಮೊದಲು ಶಾನುಭೋಗರ ಮನೆ ಜಗುಲಿಯಲ್ಲಿ ಕೂತು ಕವಳ ಹಾಕುತ್ತ ಸರಿಮಾಡಿಸಿಕೊಳ್ಳಬಹುದಾಗಿದ್ದ ಒಂದು ಅಕ್ಷರಕ್ಕೆ ಈಗ ತಿದ್ದುಪಡಿ ಅರ್ಜಿ ಬೇಕು, ಹಳೇ ಕಡತ ಹುಡುಕಬೇಕು, ವರದಿ, ಆದೇಶ ಆಗಬೇಕು. ಅಕ್ಷರ ತಪ್ಪಿಸಿದವರು ಅವರು, ಅಲೆಯುವವರು ನಾವು. ದಾಖಲೆ ಇಟ್ಟುಕೊಂಡವರ ತಪ್ಪಿಗೆ ದಾಖಲೆ ಇಟ್ಟುಕೊಂಡವರೇ ಓಡಾಡಬೇಕು ಎಂಬ ಒಂದು ಸಾಲಿನ ನಿಯಮ ಬಂದರೆ ನಾಡಕಚೇರಿಯ ಕ್ಯೂ ಅರ್ಧಕ್ಕರ್ಧ ಕರಗುತ್ತದೆ ಎಂದು ನನ್ನ ಅಂದಾಜು.

ಇನ್ನು ಸಕಾಲ. 2011ರ ಸೇವಾ ಖಾತರಿ ಕಾಯ್ದೆ, 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಜಾರಿಗೆ ಬಂತು. 11 ಇಲಾಖೆ, 151 ಸೇವೆಗಳಿಂದ ಶುರುವಾದದ್ದು. ಪ್ರತಿ ಕೆಲಸಕ್ಕೂ ದಿನ ನಿಗದಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಡಮಾಡಿದವರ ಸಂಬಳದಿಂದ. ಇಲ್ಲಿರುವವರಲ್ಲಿ ಆ ಪರಿಹಾರ ಕೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ. (ಒಂದೂ ಕೈ ಮೇಲೇಳಲಿಲ್ಲ.) ನೋಡಿದಿರಾ? 500 ರೂಪಾಯಿಗೆ ಹೋಗಿ ನಾಳೆ ಮತ್ತೆ ಕೆಲಸ ಬೀಳುವ ಆಫೀಸಿನವರನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ, ಅಲ್ವಾ?

ಸಕಾಲದಿಂದ ಅನುಕೂಲ ಆಗಿದೆ, ಇಲ್ಲ ಎನ್ನುವುದಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಒಂದು ನಂಬರ್ ಸಿಗುತ್ತದೆ, ‘ನಿಮ್ಮ ಅರ್ಜಿ ಬಂದೇ ಇಲ್ಲ’ ಎನ್ನುವಂತಿಲ್ಲ. ಆದರೆ ಗಡುವು ಇಟ್ಟ ಕೂಡಲೇ ಗಡುವಿನಿಂದ ಪಾರಾಗುವ ದಾರಿಯೂ ಹುಟ್ಟಿಕೊಳ್ಳುತ್ತದೆ. ಕೊನೆಯ ದಿನ ‘ದಾಖಲೆ ಕೊರತೆ’ ಎಂದು ಬರೆದು ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಸಮಯಕ್ಕೆ ವಿಲೇವಾರಿಯಾದ ಅರ್ಜಿಯೇ. ನೀವು ಮತ್ತೊಮ್ಮೆ ಅರ್ಜಿ ಕೊಡುತ್ತೀರಿ, ಅದೂ ಒಂದು ವಿಲೇವಾರಿ. ಹೀಗೆ ಒಂದೇ ವಾರಸಾ ಎರಡು ಮೂರು ಸಲ ‘ಸಕಾಲದಲ್ಲಿ’ ಮುಗಿಯುತ್ತದೆ! ವೇಗ ಅಳೆದರೆ ವೇಗ ಬರುತ್ತದೆ, ಕೆಲಸ ಬರಬೇಕೆಂದಿಲ್ಲ. ತಿರಸ್ಕರಿಸಿದ ಅರ್ಜಿಗಳಲ್ಲಿ ಎಷ್ಟರಲ್ಲಿ ಕಾರಣ ‘ದಾಖಲೆ ಕೊರತೆ’, ಅದರಲ್ಲಿ ಎಷ್ಟು ದಾಖಲೆ ಸರ್ಕಾರದ್ದೇ, ಇದನ್ನು ಪ್ರತಿ ತಾಲ್ಲೂಕೂ ತಿಂಗಳಿಗೊಮ್ಮೆ ಬೋರ್ಡಿನಲ್ಲಿ ಹಾಕಲಿ. ನಾನು ಕೇಳುವ ಲೆಕ್ಕ ಅಷ್ಟೇ.

ಇದು ಆಗದ ಮಾತು ಎನ್ನಬೇಡಿ. ಆಗಿರುವ ಕಡೆಗಳಿವೆ. ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಒಂದು ಆರ್‌ಡಿ ನಂಬರ್ ಬರುತ್ತದಲ್ಲ? ಸಿಇಟಿಗೂ ವಿದ್ಯಾರ್ಥಿವೇತನಕ್ಕೂ ಆ ನಂಬರ್ ಹಾಕಿದರೆ ಅವರೇ ತೆಗೆದು ನೋಡಿಕೊಳ್ಳುತ್ತಾರೆ. ಮೊದಲು ಜೆರಾಕ್ಸ್ ಮಾಡಿಸಿ, ಗೆಜೆಟೆಡ್ ಅಧಿಕಾರಿಯನ್ನು ಹುಡುಕಿ, ಸೀಲು ಹಾಕಿಸುವ ಕಾಲ ಇತ್ತು. ಪಶುವೈದ್ಯರು ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುತ್ತಿದ್ದರು, ಪಾಪ, ಕೈಗೆ ಸಿಗುವ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ! ಸ್ವಯಂ ದೃಢೀಕರಣ ಸಾಕು ಎಂದು 2014ರಲ್ಲಿ ಕೇಂದ್ರ ಸರ್ಕಾರ ಹೇಳಿದ ಮೇಲೆ ಅದು ಬಹುಮಟ್ಟಿಗೆ ಹೋಯಿತು. ಆಕಾಶವೇನೂ ಬೀಳಲಿಲ್ಲ. ವೃದ್ಧಾಪ್ಯ ವೇತನದಲ್ಲೂ ಹಾಗೆಯೇ. ರೇಷನ್ ಕಾರ್ಡಿನ ಮಾಹಿತಿಯಿಂದ 60 ತುಂಬಿದವರನ್ನು ಪತ್ತೆ ಮಾಡಿ, ಗ್ರಾಮ ಲೆಕ್ಕಿಗರೇ ಮನೆಗೆ ಹೋಗಿ ಪರಿಶೀಲಿಸುವ ಪದ್ಧತಿಯನ್ನು 2021ರಲ್ಲಿ ತಂದರು. ಅರ್ಜಿಯೇ ಬೇಡ. ಸರ್ಕಾರಕ್ಕೆ ಗೊತ್ತಿದ್ದದ್ದನ್ನು ಸರ್ಕಾರವೇ ಬಳಸಿಕೊಂಡಿತು. ನಾನು ಹೇಳುತ್ತಿರುವುದು ಇದನ್ನೇ.

ಇನ್ನೂ ಹಿಂದಕ್ಕೆ ಹೋಗೋಣ. ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಇಲ್ಲಿ ಕೂತಿರುವವರಲ್ಲಿ ಜಮೀನು ಕಳಕೊಂಡ ಮನೆಯವರೂ ಇದ್ದೀರಿ, ಪಡೆದ ಮನೆಯವರೂ ಇದ್ದೀರಿ. ಆ ಸರಿ ತಪ್ಪಿಗೆ ನಾನು ಹೋಗುವುದಿಲ್ಲ. ಕೆಲಸ ಹೇಗೆ ಮಾಡಿದರು ಎನ್ನುವುದನ್ನು ಮಾತ್ರ ನೋಡಿ. ಗೇಣಿದಾರ ಕೊಡಬೇಕಾದದ್ದು ನಮೂನೆ 7, ಒಂದು ಅರ್ಜಿ. ಡಿಕ್ಲರೇಶನ್ ಎಂದೇ ಜನ ಕರೆಯುತ್ತಿದ್ದರು. ಗೇಣಿ ಬಹಳ ಕಡೆ ಬಾಯಿಮಾತಿನದ್ದು, ರಸೀದಿ ಇರಲಿಲ್ಲ. ಧಣಿಗಳು ರಸೀದಿ ಕೊಡುವ ರೂಢಿಯೂ ಇರಲಿಲ್ಲ. ‘ರಸೀದಿ ತಾ’ ಎಂದು ಪಟ್ಟು ಹಿಡಿದಿದ್ದರೆ ಅಂಕೋಲೆಯ, ಕುಮಟೆಯ ಎಷ್ಟು ಒಕ್ಕಲುಗಳಿಗೆ ಭೂಮಿ ಸಿಗುತ್ತಿತ್ತು? ಅದಕ್ಕಾಗಿ ಭೂನ್ಯಾಯ ಮಂಡಳಿ ಮಾಡಿದರು. ಅಸಿಸ್ಟಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರಿ ನೌಕರರಲ್ಲದ ಸದಸ್ಯರು. ವಕೀಲರಿಗೆ ಪ್ರವೇಶ ಇಲ್ಲ ಎಂದು ಕಾಯ್ದೆಯಲ್ಲೇ ಬರೆದರು. ಅಕ್ಕಪಕ್ಕದ ಗದ್ದೆಯವರ ಮಾತು ಕೇಳಿ ತೀರ್ಮಾನ ಮಾಡಿದರು. ಅರ್ಜಿ ಕೊಡಲು 1979ರ ಜೂನ್ 30ರವರೆಗೆ ಅವಕಾಶ ವಿಸ್ತರಿಸಿದರು.

ಎಲ್ಲವೂ ಚೆನ್ನಾಗಿ ಆಯಿತು ಎಂದಲ್ಲ. ಅವಸರದ ಆದೇಶಗಳು ಹೈಕೋರ್ಟಿಗೆ ಹೋದವು, ಕೆಲವು ದಶಕಗಟ್ಟಲೆ ನಡೆದವು. ಆದರೂ ಕಂಪ್ಯೂಟರ್ ಇಲ್ಲದ, ಫೋನೂ ಅಪರೂಪವಾಗಿದ್ದ ಕಾಲದಲ್ಲಿ, ಬರೆಯಲು ಬಾರದ ಗೇಣಿದಾರನಿಗೆ ಸರ್ಕಾರದ ಬಾಗಿಲು ತೆರೆಯುವುದು ಸಾಧ್ಯವಾಗಿತ್ತು. ಯಾಕೆ? ರುಜುವಾತಿನ ಭಾರವನ್ನು ಅವನ ಒಬ್ಬನ ತಲೆಯ ಮೇಲೆ ಹಾಕಲಿಲ್ಲ. ಸರ್ಕಾರಕ್ಕೆ ಕೆಲಸ ಆಗಬೇಕು ಎಂದಿದ್ದಾಗ ನಮೂನೆ ಚಿಕ್ಕದಾಗುತ್ತದೆ.

ಈಗ ಅರಣ್ಯ ಹಕ್ಕು ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಕ್ಕಾಲು ಪಾಲಿಗೂ ಹೆಚ್ಚು ಕಾಡಿರುವ ಜಿಲ್ಲೆ ನಮ್ಮದು. ಇಲ್ಲಿ ಅತಿಕ್ರಮಣದ ವಿಷಯ ಇಲ್ಲದ ಹಳ್ಳಿ ಹುಡುಕಬೇಕು. ಕಾಡಿನಲ್ಲೇ ಬದುಕಿ ಬಂದವರಿಗೆ ಆ ನೆಲದ ಹಕ್ಕು ಕೊಡುವ ಕಾಯ್ದೆ ಇದು, 2006ರದ್ದು. ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದರೆಂದು ತೋರಿಸಬೇಕು. ಇದು ಕಠಿಣ ಷರತ್ತು. ಆದರೆ ರುಜುವಾತಿನ ನಿಯಮ ಅಷ್ಟೇ ಉದಾರ. 13ನೇ ನಿಯಮ ಓದಿ. ಗ್ಯಾಸೆಟಿಯರ್ ಆಗುತ್ತದೆ, ಜನಗಣತಿ ಆಗುತ್ತದೆ, ಹಳೇ ಸರ್ವೆ ವರದಿ ಆಗುತ್ತದೆ. ಜಮೀನು ಸಮ ಮಾಡಿದ್ದು, ಒಡ್ಡು ಹಾಕಿದ್ದು, ಬಾವಿ, ಸ್ಮಶಾನ, ದೇವರ ಜಾಗ, ವಂಶಾವಳಿ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ, ಎಲ್ಲವೂ ಆಗುತ್ತದೆ. ಇಂಥದ್ದೇ ದಾಖಲೆ ಬೇಕೆಂದು ಉಪವಿಭಾಗ, ಜಿಲ್ಲಾ ಸಮಿತಿಗಳು ಹಟ ಹಿಡಿಯಬಾರದು ಎಂದು 2012ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದೂ ಇದ್ದಾರೆ.

ಇಷ್ಟಾದರೂ ಜನ ನನ್ನ ಹತ್ತಿರ ತರುವ ತಿರಸ್ಕಾರದ ಪತ್ರಗಳಲ್ಲಿ ಏನಿರುತ್ತದೆ? ‘75 ವರ್ಷದ ದಾಖಲೆ ಹಾಜರುಪಡಿಸಿಲ್ಲ.’ ಒಂದೇ ಸಾಲು. ಬಾವಿ ನೋಡಿದಿರಾ, ಹಿರಿಯರನ್ನು ಕೇಳಿದಿರಾ, ನಿಮ್ಮದೇ ಹಳೇ ಅರಣ್ಯ ಕಡತ ತೆರೆದಿರಾ, ಅದಕ್ಕೆ ಉತ್ತರ ಇರುವುದಿಲ್ಲ. ಎಲ್ಲ ಅರ್ಜಿಗಳೂ ನಿಜವಾದವು ಎಂದು ನಾನು ಹೇಳುವುದಿಲ್ಲ. ನಿನ್ನೆ ಮೊನ್ನೆ ಜೆಸಿಬಿ ಹಚ್ಚಿ ಕಾಡು ಕಡಿದವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ಆದರೆ ಸುಳ್ಳು ಅರ್ಜಿ ಹಿಡಿಯುವುದಕ್ಕೂ ಸ್ಥಳಕ್ಕೆ ಹೋಗಿ ನೋಡುವುದೇ ದಾರಿ. ಕಾಗದವನ್ನೇ ಕೇಳುತ್ತ ಕೂತರೆ ಕಾಗದ ಹುಟ್ಟಿಸಬಲ್ಲವನು ಗೆಲ್ಲುತ್ತಾನೆ, ಹುಟ್ಟಿಸಲಾರದವನು ಸೋಲುತ್ತಾನೆ.

ಕರಾವಳಿಯಲ್ಲಿ ಇದೇ ವಿಷಯ ಬೇರೆ ವೇಷದಲ್ಲಿ ಬರುತ್ತದೆ. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆಯಲ್ಲಿ ಭೂಮಿ ಹೋದವರನ್ನು ಕೇಳಿ, 28ಎ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಹಳೇ ಭೂಸ್ವಾಧೀನ ಕಾಯ್ದೆಯ ಕಲಂ ಅದು. ಒಂದೇ ಅಧಿಸೂಚನೆಯಲ್ಲಿ ಭೂಮಿ ಹೋದ ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚು ಪರಿಹಾರ ಪಡೆದರೆ, ಕೋರ್ಟಿಗೆ ಹೋಗದವನೂ ಅದನ್ನು ಕೇಳಬಹುದು. ಒಳ್ಳೆಯ ಕಲಂ. ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ನೆರೆಯವನ ಕೇಸಿನ ತೀರ್ಪು ಯಾವಾಗ ಬಂತು ಎಂದು ಮನೆ ಬಿಟ್ಟು ಚದುರಿಹೋದವನಿಗೆ ತಿಳಿಯುವುದು ಹೇಗೆ? ಯಾವ ಯಾವ ಸರ್ವೆ ನಂಬರ್ ಆ ಅಧಿಸೂಚನೆಯಲ್ಲಿದೆ, ಯಾರ್‍ಯಾರಿಗೆ ಎಷ್ಟು ಕೊಟ್ಟಿದೆ, ಪಟ್ಟಿ ಪೂರ್ತಿ ಸರ್ಕಾರದ ಹತ್ತಿರವೇ ಇದೆ. ಒಂದು ತೀರ್ಪು ಬಂದ ಕೂಡಲೇ ಉಳಿದವರಿಗೆ ನೋಟಿಸು ಕಳಿಸುವುದಕ್ಕೆ ಏನು ಅಡ್ಡಿ? ದುಡ್ಡು ಜಾಸ್ತಿ ಕೊಡಬೇಕಾಗುತ್ತದೆ ಎನ್ನುವುದು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. 2013ರ ಹೊಸ ಕಾಯ್ದೆಯಲ್ಲೂ 73ನೇ ಕಲಂ ಆಗಿ ಅದೇ ಮೂರು ತಿಂಗಳು ಮುಂದುವರಿದಿದೆ.

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಇನ್ನೊಂದು. 1991ರಲ್ಲಿ ಬಂದದ್ದು, 2011ರಲ್ಲಿ, 2019ರಲ್ಲಿ ಬದಲಾದದ್ದು. 2019ರ ಪ್ರಕಾರ ಹಳ್ಳಿಗಾಡಿನ ಕಡಲತೀರದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ ಉಬ್ಬರದ ಗೆರೆಯಿಂದ 50 ಮೀಟರ್ ಕಟ್ಟಡ ನಿಷಿದ್ಧ, ಕಡಿಮೆ ಇದ್ದರೆ 200 ಮೀಟರ್. ಮನೆಯ ಹಂಚು ಬದಲಿಸಿ ಒಂದು ಕೋಣೆ ಏರಿಸಬೇಕೆಂದಿರುವ ಮೀನುಗಾರನಿಗೆ ತನ್ನೂರು 2,161ರ ಆಚೆಯೋ ಈಚೆಯೋ ಎಂದು ಹೇಗೆ ಗೊತ್ತು? ನಕ್ಷೆ ಮಾಡಿದವರು ಸರ್ಕಾರದವರು. ಸರ್ವೆ ನಂಬರ್ ಒತ್ತಿದರೆ ‘ಇಲ್ಲಿ ಕಟ್ಟಬಹುದು, ಇಲ್ಲಿ ಕಟ್ಟುವಂತಿಲ್ಲ’ ಎಂದು ಅವನ ಮೊಬೈಲಿನಲ್ಲಿ ಕನ್ನಡದಲ್ಲಿ ಬರಲಿ.

ಆದರೆ ಒಂದು ಮಾತು. ಆ 50 ಮೀಟರನ್ನೇ ತೆಗೆದುಹಾಕಿ ಎನ್ನುವವರ ಜೊತೆ ನಾನಿಲ್ಲ. ನಿಯಮ ಸರಳ ಮಾಡುವುದು ಎಂದರೆ ಗುಡ್ಡ ಕಡಿಯಲು, ಹೊಳೆ ತುಂಬಲು ಬಿಡುವುದು ಎಂದು ಕೆಲವರು ತಿಳಿದಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಏನಾಯಿತು? ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಮಳೆಗೆ ಇಳಿದು ಬಂತು. ಚಹಾದಂಗಡಿ, ಲಾರಿ, ಜನ ಎಲ್ಲವನ್ನೂ ಗಂಗಾವಳಿಗೆ ನೂಕಿತು. ಅದಕ್ಕೂ ಮೂರು ವರ್ಷ ಮೊದಲು ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ ಕುಸಿದದ್ದು ನಿಮಗೆ ನೆನಪಿದೆ. ಇಂಥ ನೆಲದಲ್ಲಿ ‘ಇಲ್ಲಿ ಕಡಿಯಬೇಡ’ ಎನ್ನುವ ನಿಯಮ ಇನ್ನೂ ಗಟ್ಟಿಯಾಗಬೇಕು. ನಾನು ಕಡಿಮೆ ಮಾಡಿ ಎನ್ನುವುದು ರುಜುವಾತಿನ ಕಾಟವನ್ನು. ಏನು ಮಾಡಬಹುದು, ಏನು ಮಾಡಬಾರದು ಎನ್ನುವುದನ್ನಲ್ಲ.

ವಾರಸಾಕ್ಕೂ ಇದು ಅನ್ವಯಿಸುತ್ತದೆ. ನೋಟಿಸು ಹಚ್ಚಿ ತಕರಾರಿಗೆ ಕಾಯುವ ದಿನಗಳು ಸುಮ್ನೆ ವೇಸ್ಟ್ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ‘ಮರೆತು’ ಹೋಗುವುದು ನಮ್ಮಲ್ಲಿ ಹೊಸದಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಕಾನೂನು ಬಂದ ಮೇಲೂ ಮರೆಯುತ್ತಾರೆ. ಮುಂಬಯಿಗೆ ಮದುವೆಯಾಗಿ ಹೋದ ತಂಗಿಗೆ ಆ ಕಾಯುವ ದಿನಗಳೇ ಆಧಾರ. ಚಾವಡಿ ಗೋಡೆಗೆ ಹಚ್ಚುವ ನೋಟಿಸನ್ನು ಅವಳ ಮೊಬೈಲಿಗೆ ಕಳಿಸಿ. ಇಂಥ ಕಡೆ ತಡ ಇರಲಿ, ಬೇಕಾದರೆ ಇನ್ನೂ ಒಂದು ವಾರ ಇರಲಿ.

ವರದಿಗಳಿಗೇನೂ ಬರ ಇಲ್ಲ. ದೇಶದ ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಆಯಿತು. ಮೊರಾರ್ಜಿ ದೇಸಾಯಿಯವರ ನಂತರ ಅದರ ಅಧ್ಯಕ್ಷರಾದವರು ನಮ್ಮ ಕೆಂಗಲ್ ಹನುಮಂತಯ್ಯನವರು. 20 ವರದಿ ಕೊಟ್ಟರು. ಎರಡನೆಯದು 2005ರಲ್ಲಿ, ವೀರಪ್ಪ ಮೊಯಿಲಿಯವರು, 15 ವರದಿ. ರಾಜ್ಯದಲ್ಲಿ 2021ರಲ್ಲಿ ವಿಜಯಭಾಸ್ಕರ್ ಅವರ ಆಯೋಗ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೆ ಇಳಿಸಿದರು, ಅದರ ಕಥೆ ಇನ್ನೊಂದು ಉಪನ್ಯಾಸಕ್ಕೆ ಆಗುತ್ತದೆ. ಮೊನ್ನೆ 2023ರಲ್ಲಿ ಕೇಂದ್ರದ ಜನ ವಿಶ್ವಾಸ ಕಾಯ್ದೆ 42 ಕಾಯ್ದೆಗಳ 183 ಕಲಂಗಳಲ್ಲಿ ಸಣ್ಣಪುಟ್ಟ ತಪ್ಪಿಗೆ ಜೈಲು ಎನ್ನುವುದನ್ನು ತೆಗೆಯಿತು ಅಥವಾ ಸಡಿಲಿಸಿತು. ಕರ್ನಾಟಕದಲ್ಲಿ ಕೈಗಾರಿಕಾ ಸೌಲಭ್ಯ ಕಾಯ್ದೆಯ 2020ರ ತಿದ್ದುಪಡಿಯಿಂದ, ಏಕಗವಾಕ್ಷಿ ಸಮಿತಿಯ ಒಪ್ಪಿಗೆ ಸಿಕ್ಕ ಕೈಗಾರಿಕೆಯವರು ಅಫಿಡವಿಟ್ ಕೊಟ್ಟು ಕೆಲಸ ಶುರುಮಾಡಬಹುದು, ಹಲವು ಅನುಮತಿಗಳನ್ನು ಮೂರು ವರ್ಷದೊಳಗೆ ಪಡೆದರಾಯಿತು. ಕಾರ್ಖಾನೆಯವನ ಮಾತನ್ನು ಮೂರು ವರ್ಷ ನಂಬಬಹುದಾದರೆ, ತಂದೆ ಸತ್ತಿದ್ದಾರೆ ಎನ್ನುವ ಮಗಳ ಮಾತನ್ನು ಮೂರು ದಿನವಾದರೂ ನಂಬಬಹುದಲ್ಲ?

ನನ್ನ ಹಳೇ ಸಹೋದ್ಯೋಗಿಗಳ ಪರವಾಗಿಯೂ ಒಂದು ಮಾತು. ಹಳ್ಳಿಯ ಮಟ್ಟದ ನೌಕರನ ಮೇಲೆ ಈಗ ಇರುವ ಹೊರೆ ನಾವಿದ್ದಾಗ ಇರಲಿಲ್ಲ. ಬೆಳೆ ಸಮೀಕ್ಷೆ, ಚುನಾವಣೆ, ನೆರೆ ಪರಿಹಾರ, ಒಂದೊಂದಕ್ಕೂ ಒಂದೊಂದು ಆ್ಯಪ್. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಮಾಡಿದ್ದರ ಹಿಂದೆ ಈ ಆ್ಯಪ್‌ಗಳ ಹೊರೆಯೂ ಇತ್ತು. ಜೋಯಿಡಾದ ಒಳಗಿನ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ನಮಗೆ ಕಾಗದ ಜಾಸ್ತಿ, ಅವರಿಗೆ ಆ್ಯಪ್ ಜಾಸ್ತಿ. ಕೇಳುವ ಮೇಲಿನವರು ಒಬ್ಬರೇ.

ಪ್ರಶ್ನೆಗಳು

ಕಾಲೇಜಿನ ಹುಡುಗನೊಬ್ಬ ಕೇಳಿದ: “ಎಲ್ಲ ಮಾಹಿತಿಯನ್ನೂ ಒಂದೇ ಕಡೆ ಜೋಡಿಸಿದರೆ ಅಪಾಯ ಅಲ್ವಾ ಸರ್?”

ಅಪಾಯ ಇದೆ ತಮ್ಮಾ. ಒಂದು ಕಡೆ ತಪ್ಪಾದರೆ ಎಲ್ಲ ಕಡೆಯೂ ತಪ್ಪಾಗುತ್ತದೆ. ಬದುಕಿರುವ ಅಜ್ಜಿಯನ್ನು ಒಂದು ಪಟ್ಟಿಯಲ್ಲಿ ಸತ್ತವಳೆಂದು ಗುರುತಿಸಿದರೆ ಪಿಂಚಣಿ, ರೇಷನ್ ಎರಡೂ ನಿಲ್ಲುತ್ತವೆ. ಅದಕ್ಕೆ ಎರಡು ಷರತ್ತು ಬೇಕು. ನನ್ನ ಯಾವ ದಾಖಲೆಯನ್ನು ಯಾವ ಕಚೇರಿ ಯಾವಾಗ ತೆಗೆದು ನೋಡಿತು ಎಂದು ನನಗೆ ಸಂದೇಶ ಬರಬೇಕು. ತಪ್ಪು ತಿದ್ದಿಸಲು ಗ್ರಾಮ ಪಂಚಾಯತಿಗಿಂತ ದೂರ ಹೋಗಬೇಕಾಗಬಾರದು. ಇವೆರಡೂ ಇಲ್ಲದೆ ಬರೀ ಜೋಡಿಸುತ್ತೇವೆ ಎಂದರೆ ನಾನೂ ಬೇಡ ಎನ್ನುತ್ತೇನೆ.

ಹಿಂದಿನ ಸಾಲಿನಿಂದ ಹಿರಿಯ ಮಹಿಳೆಯೊಬ್ಬರು: “ಅದೆಲ್ಲ ಸರಿ ಮಾರಾಯ್ರೇ. ನನ್ನ ವಾರಸಾ ಅರ್ಜಿ ಈಗ ವಾಪಸ್ ಬಂದಿದೆ. ನಾಳೆ ಬೆಳಿಗ್ಗೆ ನಾನು ಏನು ಮಾಡಲಿ?”

ಅಕ್ಕ, ಹೊಸ ಅರ್ಜಿ ಕೊಡಬೇಡಿ. ಎಲ್ಲರೂ ಅದನ್ನೇ ಮಾಡುವುದು. ಹಳೇ ಅರ್ಜಿಯ ಸಕಾಲ ಸ್ವೀಕೃತಿ ಚೀಟಿ ಇದೆಯಾ? 15 ಅಂಕಿಯ ನಂಬರ್ ಇರುತ್ತದೆ. ಅದನ್ನು ಹಾಕಿ, ತಿರಸ್ಕಾರದ ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಆಮೇಲೆ ಅದರ ಮೇಲೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಮೇಲೆ ಇನ್ನೊಂದು ಹಂತ ಇದೆ. ಮೇಲ್ಮನವಿಯಲ್ಲಿ ಉದ್ದ ಕಥೆ ಬೇಡ. ಯಾವ ದಾಖಲೆ ಇಲ್ಲ ಎಂದು ಬರೆದಿದ್ದಾರೋ ಅದು ಯಾವ ಕಚೇರಿಯ ಯಾವ ರಿಜಿಸ್ಟರಿನಲ್ಲಿದೆ ಎಂದು ಮಾತ್ರ ಬರೆಯಿರಿ. ಒಂದು ಪುಟ ಸಾಕು. ಚೀಟಿ ತಂದಿದ್ದರೆ ಈಗಲೇ ಕೊಡಿ, ಚಹಾ ಕುಡಿಯುವಷ್ಟರಲ್ಲಿ ಬರೆದುಬಿಡೋಣ.